ಉಲ್ಲೇಖಗಣನೆಯೂ ವೇರೂಳಿನ ಸಂಶೋಧನೆಯೂ

ಒಬ್ಬ ವಿದ್ವಾಂಸನ ಬರವಣಿಗೆಯನ್ನು ಬೇರೆ ವಿದ್ವಾಂಸರು ಎಷ್ಟು ಸಲ ಉಲ್ಲೇಖಿಸಿದರೆಂಬುದನ್ನು ಎಣಿಸಿ, ಆ ಎಣಿಕೆಯಿಂದಲೇ ಅದರ ಪ್ರಭಾವವನ್ನು ಗೊತ್ತುಪಡಿಸುವ ಪದ್ಧತಿಯು ಈಗ ವಿಶ್ವವಿದ್ಯಾಲಯಗಳಲ್ಲಿ ಆಳವಾಗಿ ಬೇರೂರಿದೆ. ಅಧ್ಯಾಪಕರ ನೇಮಕ ಮತ್ತು ಬಡ್ತಿ, ಸಂಸ್ಥೆಗಳ ಅನುದಾನ, ಪತ್ರಿಕೆಗಳ ಗೌರವ ಇವೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಈ ಲೆಕ್ಕಕ್ಕೆ ಕಟ್ಟುಬಿದ್ದಿವೆ. ನಮ್ಮ ಕೇಂದ್ರ ಸರ್ಕಾರವು ೨೦೧೫ರಲ್ಲಿ ಆರಂಭಿಸಿದ ವಿದ್ಯಾಸಂಸ್ಥೆಗಳ ಶ್ರೇಯಾಂಕವ್ಯವಸ್ಥೆಯು ಪ್ರಕಟಣೆ ಮತ್ತು ಉಲ್ಲೇಖಗಳ ಅಂಕಿಗಳನ್ನು ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಎರಡು ವಿದೇಶೀಯ ಸೂಚಿಗಳಿಂದ ಎತ್ತಿಕೊಳ್ಳುತ್ತದೆ. ಈ ಅಳತೆಗೋಲನ್ನು ವೇರೂಳಿನ ಗುಹಾಲಯಗಳ ಕುರಿತ ಸಂಶೋಧನೆಗೆ ಹಿಡಿದು ನೋಡಿದರೆ ಏನು ಕಂಡುಬರುವುದೆಂಬುದೇ ಪ್ರಕೃತ ಲೇಖನದ ವಿಷಯ.

ವೇರೂಳನ್ನೇ ಏತಕ್ಕೆ ಆರಿಸಿಕೊಂಡಿತೆಂದು ಕೇಳಬಹುದು. ಛತ್ರಪತಿ ಸಂಭಾಜಿನಗರದಿಂದ ಸುಮಾರು ೩೦ ಕಿಲೋಮೀಟರು ದೂರದಲ್ಲಿರುವ ಈ ಬೆಟ್ಟದ ಸಾಲಿನಲ್ಲಿ ಸಂಖ್ಯೆ ಕೊಟ್ಟು ಗುರುತಿಸಿರುವ ೩೪ ಗುಹೆಗಳಿವೆ. ೧೨ ಬೌದ್ಧರವು, ೧೭ ವೈದಿಕ ಮತದವು, ೫ ಜೈನರವು. ಅವುಗಳಲ್ಲಿ ಹದಿನಾರನೆಯದಾದ ಕೈಲಾಸವು ಕನ್ನಡ ದೊರೆಗಳಾದ ರಾಷ್ಟ್ರಕೂಟರ ಕೀರ್ತಿಸ್ತಂಭ. ಕವಿರಾಜಮಾರ್ಗವು ಕನ್ನಡ ನಾಡಿಗೆ ಹೇಳಿದ ಗೋದಾವರಿಯ ಎಲ್ಲೆಗಿಂತ ವೇರೂಳು ಸ್ವಲ್ಪ ಉತ್ತರಕ್ಕೇ ಇದೆಯೆಂಬುದು ನಿಜ; ಆದರೆ ಅದನ್ನು ಬಿಟ್ಟು ಕನ್ನಡ ನಾಡಿನ ಶಿಲ್ಪದ ಚರಿತ್ರೆಯನ್ನು ಬರೆಯಲಾಗದು. ಇಲ್ಲಿ ಶಾಸನಜ್ಞರು, ಕಲೆಯ ಇತಿಹಾಸಕಾರರು, ರಸಾಯನಶಾಸ್ತ್ರಜ್ಞರು, ಸಸ್ಯಶಾಸ್ತ್ರಜ್ಞರು ಎಲ್ಲರೂ ದುಡಿದಿದ್ದಾರೆ. ಇಂಗ್ಲಿಷಿನಲ್ಲಿಯೂ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಬರೆದಿದ್ದಾರೆ. ಅಳತೆಗೋಲು ನೆಟ್ಟಗಿದೆಯೋ ಡೊಂಕೋ ಎಂದು ಪರೀಕ್ಷಿಸಲು ಇಂಥ ಬೆರಕೆಯ ಕ್ಷೇತ್ರವೇ ತಕ್ಕುದು.

ಮೊದಲು ಈ ಪದ್ಧತಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. ಇದರ ಹುಟ್ಟು ಅಧಿಕಾರಿಗಳ ಕಚೇರಿಯಲ್ಲಿ ಆದುದಲ್ಲ, ಪುಸ್ತಕಭಂಡಾರದಲ್ಲಿ ಆದುದು. ೧೯೨೭ರಲ್ಲಿ ಗ್ರಾಸ್ ಎಂಬ ಹೆಸರಿನ ಇಬ್ಬರು ಅಮೆರಿಕನ್ನರು, ಸಣ್ಣ ಕಾಲೇಜೊಂದರ ಪುಸ್ತಕಭಂಡಾರಕ್ಕೆ ಯಾವ ರಸಾಯನಶಾಸ್ತ್ರ ಪತ್ರಿಕೆಗಳನ್ನು ತರಿಸಬೇಕೆಂದು ನಿರ್ಧರಿಸಲು, ಒಂದು ಪ್ರಮುಖ ಪತ್ರಿಕೆಯ ಅಡಿಟಿಪ್ಪಣಿಗಳನ್ನು ಎಣಿಸಿದರು. ನಮ್ಮ ಎಸ್. ಆರ್. ರಂಗನಾಥನ್ ಅವರೂ ೧೯೪೮ರಲ್ಲಿ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ ಗ್ರಂಥಾಲಯದ ಕೆಲಸಗಳಿಗೆ ಗಣಿತವನ್ನು ಅನ್ವಯಿಸುವ ಶಾಸ್ತ್ರವೊಂದು ಬೇಕೆಂದು ಸೂಚಿಸಿ, ಅದಕ್ಕೆ ಲೈಬ್ರಮೆಟ್ರಿ ಎಂಬ ಹೆಸರನ್ನಿಟ್ಟರು. ೧೯೬೨ರಲ್ಲಿ ಬೆಂಗಳೂರಿನಲ್ಲಿ ಅವರು ನೆಲೆಗೊಳಿಸಿದ ಡಾಕ್ಯುಮೆಂಟೇಷನ್ ಸಂಶೋಧನ ಕೇಂದ್ರದಲ್ಲಿ ಈ ವಿದ್ಯೆ ಮುಂದುವರಿಯಿತು. ಈ ವಿಷಯದ ಮೂರನೆಯ ಅಂತಾರಾಷ್ಟ್ರೀಯ ಸಮ್ಮೇಳನವು ೧೯೯೧ರಲ್ಲಿ ಬೆಂಗಳೂರಿನಲ್ಲಿಯೇ ನಡೆಯಿತು. ಆದುದರಿಂದ ಇದು ಹೊರಗಿನಿಂದ ಬಂದು ನಮ್ಮ ಮೇಲೆ ಎರಗಿದ ವಿದ್ಯೆಯೆಂದು ಕೋಪಿಸಿಕೊಳ್ಳುವುದಕ್ಕೆ ಕಾರಣವಿಲ್ಲ.

ಉಲ್ಲೇಖಸೂಚಿಯ ನಿಜವಾದ ಕರ್ತೃ ಯೂಜೀನ್ ಗಾರ್ಫೀಲ್ಡ್. ಅವನು ೧೯೫೫ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಮಂಡಿಸಿದ ಯೋಜನೆಯು ೧೯೬೦ರ ದಶಕದಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಆಗಿ ಹೊರಬಂತು. ಅವನಿಗೆ ಮಾದರಿಯಾದದ್ದು ವಕೀಲರ ಪುಸ್ತಕ. ಫ್ರಾಂಕ್ ಶೆಪರ್ಡ್ ಎಂಬವನು ೧೮೭೩ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ, ಯಾವ ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಉಲ್ಲೇಖಿಸಿವೆಯೆಂಬ ಸೂಚಿಯನ್ನು ಆರಂಭಿಸಿದ್ದನು. ಇಲ್ಲಿ ನಾವು ಗಮನಿಸತಕ್ಕ ಅಂಶವೊಂದಿದೆ. ಶೆಪರ್ಡನ ಪರಂಪರೆಯ ಸೂಚಿಯು ಉಲ್ಲೇಖವಾಯಿತೆಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಹಿಂದಿನ ತೀರ್ಪನ್ನು ಮುಂದಿನ ನ್ಯಾಯಾಲಯ ಅನುಸರಿಸಿತೋ, ಬೇರೆಯೆಂದು ಬಿಡಿಸಿ ತೋರಿಸಿತೋ, ತಳ್ಳಿಹಾಕಿತೋ ಎಂಬುದನ್ನೂ ಗುರುತು ಹಾಕಿ ತಿಳಿಸುತ್ತದೆ. ವಕೀಲನಿಗೆ ಬೇಕಾದುದು ಅದೇ ತಾನೆ? ವಿಜ್ಞಾನದ ಸೂಚಿಗೆ ಬಂದಾಗ ಈ ಗುರುತು ಬಿದ್ದುಹೋಯಿತು. ಉಳಿದದ್ದು ಸಂಖ್ಯೆ ಮಾತ್ರ. ಮುಂದೆ ಬಂದ ತೊಡಕುಗಳಲ್ಲಿ ಅರ್ಧದಷ್ಟು ಈ ಒಂದು ಲೋಪದಿಂದ ಹುಟ್ಟಿದವೆಂದು ನಮ್ಮ ಅಭಿಪ್ರಾಯ.

ಸಂಖ್ಯೆ ಸಿಕ್ಕ ಮೇಲೆ ಅದರಿಂದ ಸೂತ್ರಗಳು ಹುಟ್ಟಿದುವು. ಒಂದು ಪತ್ರಿಕೆಯಲ್ಲಿ ಹಿಂದಿನ ಎರಡು ವರ್ಷ ಬಂದ ಲೇಖನಗಳಿಗೆ ಈ ವರ್ಷ ದೊರೆತ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಪತ್ರಿಕೆಯ ಪ್ರಭಾವಾಂಕ, ಅಂದರೆ ಇಂಪ್ಯಾಕ್ಟ್ ಫ್ಯಾಕ್ಟರ್. ವ್ಯಕ್ತಿಗೆ ಸಂಬಂಧಿಸಿದಂತೆ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ೨೦೦೫ರಲ್ಲಿ ಎಚ್-ಸೂಚ್ಯಂಕವನ್ನು ಸೂಚಿಸಿದನು. ಕನಿಷ್ಠ ಇಪ್ಪತ್ತು ಸಲವಾದರೂ ಉಲ್ಲೇಖಗೊಂಡ ಇಪ್ಪತ್ತು ಲೇಖನಗಳಿದ್ದು, ಇಪ್ಪತ್ತೊಂದಕ್ಕೆ ಆ ಮಾತು ಸಲ್ಲದಿದ್ದರೆ ಅವನ ಅಂಕ ೨೦. ಲೆಕ್ಕ ಸುಲಭ, ಆಕರ್ಷಕವೂ ಹೌದು. ಆದರೆ ಲೆಕ್ಕದ ತುತ್ತತುದಿಯಲ್ಲಿ ಕುಳಿತಿರುವ ಬರವಣಿಗೆ ಯಾವುದೆಂದು ನೋಡಿದರೆ ಸೋಜಿಗವಾಗುತ್ತದೆ. ೨೦೧೪ರಲ್ಲಿ ನೇಚರ್ ಪತ್ರಿಕೆ ಮಾಡಿಸಿದ ಎಣಿಕೆಯಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ ಉಲ್ಲೇಖ ಪಡೆದು ಮೊದಲ ಸ್ಥಾನದಲ್ಲಿದ್ದುದು ದ್ರಾವಣದಲ್ಲಿರುವ ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನವನ್ನು ಹೇಳುವ ಲೌರಿಯವರ ೧೯೫೧ರ ಲೇಖನ. ಉಪಯುಕ್ತವಾದ ವಿಧಾನ, ಸಂದೇಹವಿಲ್ಲ. ಐನ್‌ಸ್ಟೈನರ ಸಾಪೇಕ್ಷತಾವಾದಕ್ಕಿಂತ ಅದು ದೊಡ್ಡದೆಂದು ಮಾತ್ರ ಯಾರೂ ಹೇಳಲಾರರು.

ಇನ್ನು ವೇರೂಳಿಗೆ ಬರೋಣ. ೨೦೧೬ರ ಮಾರ್ಚಿಯಲ್ಲಿ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಒಂದು ಕಿರುಲೇಖನ ಬಂತು. ಬರೆದವರು ಪುರಾತತ್ತ್ವ ಇಲಾಖೆಯ ರಸಾಯನ ವಿಭಾಗದಲ್ಲಿದ್ದ ಎಂ. ಸಿಂಗ್ ಮತ್ತು ಮರಾಠವಾಡಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಎಂ. ಎಂ. ಸರ್ದೇಸಾಯಿ. ವೇರೂಳಿನ ಗುಹೆಗಳ ಗೋಡೆಗೆ ಮೆತ್ತಿರುವ ಮಣ್ಣಿನ ಗಿಲಾವಿನ ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರಲ್ಲಿ ಭಂಗಿ ಗಿಡದ ಅಂಶಗಳನ್ನು ಶೇಕಡಾ ಹತ್ತರಷ್ಟು ಬೆರಸಿದ್ದರೆಂದು ಅವರು ತೋರಿಸಿದರು. ಅಜಂತೆಯ ಗಿಲಾವನ್ನು ಕೀಟಗಳು ಬಹಳವಾಗಿ ತಿಂದು ಚಿತ್ರಗಳು ಹಾಳಾಗಿವೆ. ವೇರೂಳಿನಲ್ಲಿ ಕೀಟದ ಬಾಧೆ ಅಷ್ಟಾಗಿ ಕಾಣದು. ಭಂಗಿಯ ಬೆರಕೆಯೇ ಇದಕ್ಕೆ ಕಾರಣವೆಂಬುದು ಅವರ ಊಹೆ. ಆ ನಾರು ಗಿಲಾವಿಗೆ ಬಿಗಿ ಕೊಡುವುದಲ್ಲದೆ ಗುಹೆಯೊಳಗಿನ ತೇವವನ್ನೂ ಹದದಲ್ಲಿಡುವುದೆಂದು ಅವರು ಹೇಳುತ್ತಾರೆ.

ಇಂಥ ಶೋಧದ ಪ್ರಭಾವ ಎಲ್ಲಿ ಕಾಣಬೇಕು? ಗುಹಾಲಯಗಳ ದುರಸ್ತಿಯನ್ನು ಮಾಡುವ ಮೇಸ್ತ್ರಿಯು ನಾಳೆ ಮಣ್ಣಿನಲ್ಲಿ ಯಾವ ನಾರನ್ನು ಕಲಸುತ್ತಾನೆ ಎಂಬುದರಲ್ಲಿ. ಅವನು ಕಲಸಿದರೂ ಅಡಿಟಿಪ್ಪಣಿ ಬರೆಯುವುದಿಲ್ಲ. ಇಲಾಖೆಯ ಇಂಜಿನಿಯರು ತನ್ನ ಅಂದಾಜುಪಟ್ಟಿಯಲ್ಲಿ ಅದನ್ನು ಸೇರಿಸಿಕೊಂಡರೂ ಆ ಪಟ್ಟಿ ಯಾವ ಸೂಚಿಗೂ ಹೋಗುವುದಿಲ್ಲ. ಮೇಲಾಗಿ ಗಿಲಾವಿನ ಗುಣ ತಿಳಿಯಬೇಕಾದರೆ ಹತ್ತಾರು ಮಳೆಗಾಲಗಳು ಕಳೆಯಬೇಕು. ಪ್ರಭಾವಾಂಕದ ಸೂತ್ರವಾದರೋ ಎರಡೇ ವರ್ಷಗಳಲ್ಲಿ ಉತ್ತರ ಕೇಳುತ್ತದೆ. ಹದಿಮೂರು ಶತಮಾನ ನಿಂತ ಗೋಡೆಯ ವಿದ್ಯೆಯನ್ನು ಇಪ್ಪತ್ತನಾಲ್ಕು ತಿಂಗಳ ಗಡುವಿನಲ್ಲಿ ತೂಗುವುದು ಎಂಥ ನ್ಯಾಯ! ಕರೆಂಟ್ ಸೈನ್ಸ್ ೧೯೩೨ರಿಂದ ನಡೆದು ಬಂದಿರುವ ಪತ್ರಿಕೆ. ಅದರ ಪ್ರಭಾವಾಂಕವು ಬಹುಕಾಲದಿಂದ ಒಂದರ ಆಸುಪಾಸಿನಲ್ಲಿ ಸುಳಿದಾಡುತ್ತಿರುವುದರಿಂದ, ಅಂಕಿಯನ್ನೇ ನಂಬುವವರ ಕಣ್ಣಿಗೆ ಈ ಲೇಖನವು ಪತ್ರಿಕೆಯ ಹೆಸರಿನಲ್ಲಿಯೇ ಸೋತಂತೆ. ಅದರ ಸಂಪಾದಕರಾಗಿದ್ದ ಪಿ. ಬಲರಾಮ್ ಅವರು ಸಂಪಾದಕೀಯಗಳಲ್ಲಿ ಈ ಅಂಕಿಗಳ ಮೋಹವನ್ನು ಹಲವು ಸಲ ವಿಚಾರಣೆಗೆ ಒಳಪಡಿಸಿದ್ದು ಆಕಸ್ಮಿಕವಲ್ಲ.

ಇದಕ್ಕಿಂತಲೂ ಬೋಧಪ್ರದವಾದುದು ಕೈಲಾಸದ ಕರ್ತೃತ್ವದ ಪ್ರಶ್ನೆ. ಕೈಲಾಸವನ್ನು ಕಟ್ಟಿಸಿದವನು, ಅಲ್ಲ, ಕಡಿಸಿದವನು ಒಂದನೆಯ ಕೃಷ್ಣನೆಂದು ಇಂದು ಶಾಲೆಯ ಹುಡುಗನೂ ಹೇಳುತ್ತಾನೆ. ಇದಕ್ಕೆ ಆಧಾರವೇನು? ಕೈಲಾಸದ ಬಂಡೆಯಲ್ಲಿ ಆ ಮಾತನ್ನು ಹೇಳುವ ಪ್ರತಿಷ್ಠಾಶಾಸನವಿಲ್ಲ. ಪಕ್ಕದ ದಶಾವತಾರ ಗುಹೆಯಲ್ಲಿ ಕೃಷ್ಣನ ಹಿಂದಿನ ದೊರೆಯಾದ ದಂತಿದುರ್ಗನ ಶಾಸನವಿದೆ, ಅದೂ ಅಪೂರ್ಣ. ಮುಖ್ಯವಾದ ಆಧಾರವು ದೊರೆತದ್ದು ದೂರದ ಬರೋಡೆಯಲ್ಲಿ. ಗುಜರಾತಿನ ರಾಷ್ಟ್ರಕೂಟ ಶಾಖೆಯ ಕರ್ಕ ಸುವರ್ಣವರ್ಷನು ಶಕ ೭೩೪ರಲ್ಲಿ, ಎಂದರೆ ಕ್ರಿ. ಶ. ೮೧೨-೧೩ರಲ್ಲಿ, ಹೊರಡಿಸಿದ ತಾಮ್ರಪಟದ ವಂಶವರ್ಣನೆಯಲ್ಲಿ ಕೃಷ್ಣನು ಏಲಾಪುರದ ಬೆಟ್ಟದ ಮೇಲೆ ಮಾಡಿಸಿದ ಆಲಯದ ಮಾತು ಬರುತ್ತದೆ. ವಿಮಾನದಲ್ಲಿ ಸಂಚರಿಸುವ ದೇವತೆಗಳು ಅದನ್ನು ಕಂಡು ಇದು ತಾನಾಗಿ ಮೂಡಿದ ಶಿವಾಲಯವೇ ಹೊರತು ಮಾಡಿದ್ದಲ್ಲವೆಂದು ಬೆರಗಾಗುತ್ತಾರೆ. ಮಾಡಿದ ಶಿಲ್ಪಿಯೂ ಅಂಥದನ್ನು ಮತ್ತೊಮ್ಮೆ ಮಾಡಲಾರದೆ, ತಾನು ಇದನ್ನು ಹೇಗೆ ಮಾಡಿದೆನೆಂದು ವಿಸ್ಮಯಪಡುತ್ತಾನೆ. ಕೃಷ್ಣನು ತೀರಿಕೊಂಡು ನಾಲ್ವತ್ತು ವರ್ಷಗಳಾದ ಮೇಲೆ, ನೂರಾರು ಮೈಲಿ ಆಚೆ, ಭೂದಾನದ ಪತ್ರವೊಂದರಲ್ಲಿ ನುಸುಳಿದ ಉಲ್ಲೇಖ ಇದು. ಭಾರತೀಯ ಶಿಲ್ಪದ ಚರಿತ್ರೆಯ ಒಂದು ದೊಡ್ಡ ನಿರ್ಣಯವು ಮುಖ್ಯವಾಗಿ ಅದರ ಮೇಲೆ ನಿಂತಿದೆ. ಎಣಿಸಿದರೆ ಒಂದು.

ಆ ತಾಮ್ರಪಟವನ್ನು ಜೇಮ್ಸ್ ಪ್ರಿನ್ಸೆಪ್ ೧೮೩೯ರಲ್ಲಿಯೇ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚುಹಾಕಿಸಿದ್ದನು. ಆದರೂ ಏಲಾಪುರವೆಂದರೆ ಈ ವೇರೂಳೇ, ಆ ಆಲಯವೆಂದರೆ ಈ ಕೈಲಾಸವೇ ಎಂಬುದು ಗಟ್ಟಿಯಾಗಲು ೧೮೮೩ರವರೆಗೆ ಕಾಯಬೇಕಾಯಿತು. ಆ ವರ್ಷ ಫ್ಲೀಟ್ ಅದನ್ನು ಇಂಡಿಯನ್ ಆ್ಯಂಟಿಕ್ವರಿಯಲ್ಲಿ ಮರುಸಂಪಾದಿಸಿದನು. ಅದೇ ಸಂಪುಟದಲ್ಲಿ ರಾಮಕೃಷ್ಣ ಗೋಪಾಳ ಭಾಂಡಾರ್ಕರರು ಏಲಾಪುರದ ಗುರುತನ್ನು ವಾದಿಸಿ ನಿಲ್ಲಿಸಿದರು. ನಾಲ್ವತ್ತನಾಲ್ಕು ವರ್ಷ ಆಧಾರವು ಎಲ್ಲರ ಕಣ್ಣೆದುರಿಗೇ ಇದ್ದಿತು. ಎರಡು ವರ್ಷದ ಗಡುವಿನವರು ಪ್ರಿನ್ಸೆಪನ ಆ ಪ್ರಕಟಣೆಗೆ ಎಷ್ಟು ಅಂಕ ಕೊಡುತ್ತಿದ್ದರೋ!

ಇದರಲ್ಲಿ ಇನ್ನೊಂದು ವಿನೋದವಿದೆ. ಭಾಂಡಾರ್ಕರರ ನಿರ್ಣಯವು ಎಷ್ಟು ಸರ್ವಸಮ್ಮತವಾಯಿತೆಂದರೆ ಈಗ ಅವರ ಲೇಖನವನ್ನು ಯಾರೂ ಹೆಸರಿಸುವುದಿಲ್ಲ. ಪ್ರವಾಸಿಗರ ಕೈಪಿಡಿಯಲ್ಲಿಯೂ ಪಠ್ಯಪುಸ್ತಕದಲ್ಲಿಯೂ ಕೃಷ್ಣನ ಹೆಸರಿದೆ, ಭಾಂಡಾರ್ಕರರ ಹೆಸರಿಲ್ಲ. ವಿಜ್ಞಾನದ ಸಮಾಜಶಾಸ್ತ್ರವನ್ನು ಬರೆದ ರಾಬರ್ಟ್ ಮರ್ಟನ್ ಈ ಬಗೆಯ ಅಳಿವನ್ನು ಗುರುತಿಸಿದ್ದಾನೆ: ಶೋಧವು ಸಾಮಾನ್ಯ ತಿಳಿವಳಿಕೆಯಲ್ಲಿ ಲೀನವಾದಾಗ ಶೋಧಕನ ಉಲ್ಲೇಖ ನಿಂತುಹೋಗುತ್ತದೆ. ಪೂರ್ತಿ ಗೆದ್ದವನಿಗೆ ಸೊನ್ನೆ. ವಿವಾದ ಉಳಿದವನಿಗೋ ಉಲ್ಲೇಖಗಳ ಸುಗ್ಗಿ. ಹರ್ಮನ್ ಗೋಯೆಟ್ಸ್ ೧೯೫೨ರಲ್ಲಿ ಕೈಲಾಸದ ನಿರ್ಮಾಣವನ್ನು ಹಲವು ದೊರೆಗಳ ಕಾಲಕ್ಕೆ ಹಂಚಿದನು, ಎಂ. ಕೆ. ಢವಳೀಕರರು ೧೯೮೨ರಲ್ಲಿ ಅದರ ಬಹುಭಾಗ ಕೃಷ್ಣನ ಕಾಲದ್ದೇ ಎಂದು ವಾದಿಸಿದರು. ಗೋಯೆಟ್ಸನನ್ನು ಒಪ್ಪಿದವರೂ ಅವನ ಹೆಸರನ್ನು ಹೇಳಬೇಕು, ಒಪ್ಪದವರೂ ಹೇಳಬೇಕು. ಸೂಚಿಯಲ್ಲಿ ಎರಡೂ ಅವನ ಜಮೆಗೇ ಬೀಳುತ್ತವೆ. ಜಮೆಯನ್ನೂ ಖರ್ಚನ್ನೂ ಒಂದೇ ಕಾಲಮಿನಲ್ಲಿ ಕೂಡಿಸಿ ಮೊತ್ತ ತೋರಿಸುವ ಲೆಕ್ಕದ ಪುಸ್ತಕವನ್ನು ನಮ್ಮ ಬ್ಯಾಂಕುಗಳಲ್ಲಾದರೆ ಲೆಕ್ಕಪರಿಶೋಧಕರು ಮೊದಲನೆಯ ಪುಟದಲ್ಲಿಯೇ ಮಡಿಚಿಡುತ್ತಾರೆ.

ಈಗ ಭಾಷೆಯ ಮಾತು. ಸೂಚಿಗಳಲ್ಲಿ ಉಲ್ಲೇಖಗೊಂಡ ಬರಹ ಯಾವುದಾದರೂ ಆಗಬಹುದು. ಉಲ್ಲೇಖಿಸುವ ಪತ್ರಿಕೆ ಮಾತ್ರ ಸೂಚಿಯ ಬೇಲಿಯೊಳಗೆ ಇರಬೇಕು. ಕನ್ನಡದ ವಿದ್ವತ್ ಪತ್ರಿಕೆಗಳು ಬಹುಮಟ್ಟಿಗೆ ಬೇಲಿಯ ಹೊರಗಿವೆ. ಶಂ. ಬಾ. ಜೋಶಿಯವರು ೧೯೩೩ರ ಕಣ್ಮರೆಯಾದ ಕನ್ನಡದಿಂದ ಮೊದಲುಗೊಂಡು ಮಹಾರಾಷ್ಟ್ರದ ನೆಲದಲ್ಲಿ ಕನ್ನಡದ ಹಳೆಯ ಹೆಜ್ಜೆಗಳನ್ನು ಸ್ಥಳನಾಮಗಳಿಂದ ಹುಡುಕಿದರು. ಅವರ ಎಲ್ಲ ನಿರ್ಣಯಗಳೂ ನಿಲ್ಲುವಂಥವಲ್ಲ. ಕೆಲವು ನಿರುಕ್ತಗಳು ಉತ್ಸಾಹದ ಕೂಸುಗಳೆಂದೇ ಹೇಳಬೇಕು. ಆದರೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅವರೊಡನೆ ವಾದಿಸಿದವರು ಎರಡು ತಲೆಮಾರಿನವರಿದ್ದಾರೆ. ಆ ವಾದವೆಲ್ಲವೂ ಸೂಚಿಯ ಕಣ್ಣಿಗೆ ನಡೆದೇ ಇಲ್ಲ. ಮರಾಠಿಯ ಪಾಡೂ ಇದೇ. ರಾ. ಚಿಂ. ಢೇರೆಯವರ ವಿಠ್ಠಲನ ಕುರಿತಾದ ಮಹಾಗ್ರಂಥವು, ಕನ್ನಡ ನಾಡಿನ ಸಾಮಗ್ರಿಯನ್ನು ಧಾರಾಳವಾಗಿ ಬಳಸಿಕೊಂಡದ್ದು, ೧೯೮೪ರಲ್ಲಿ ಬಂದು ೧೯೮೭ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಆ್ಯನ್ ಫೆಲ್ಡ್‌ಹೌಸ್ ಅವರ ಇಂಗ್ಲಿಷ್ ಭಾಷಾಂತರ ಪ್ರಕಟವಾದದ್ದು ೨೦೧೧ರಲ್ಲಿ. ನಡುವಣ ಇಪ್ಪತ್ತೇಳು ವರ್ಷ ಮರಾಠಿ ಬಲ್ಲವರು ಅದನ್ನು ಓದಿ ಬೆಳೆದದ್ದಕ್ಕೆ ಲೆಕ್ಕವಿಲ್ಲ.

ಯಂತ್ರವು ಅಕ್ಷರಗಳನ್ನು ಹೋಲಿಸಿ ಎಣಿಸತಕ್ಕದ್ದು, ಅರ್ಥವನ್ನಲ್ಲ. ಎಲ್ಲೋರಾ, ಏಲಾಪುರ, ವೇರೂಳ್, ಬರ್ಜೆಸನ ೧೮೮೩ರ ವರದಿಯ ಎಲೂರಾ ಇವು ನಾಲ್ಕೂ ಒಂದೇ ಊರೆಂದು ಅದಕ್ಕೆ ಯಾರಾದರೂ ಹೇಳಿಕೊಡಬೇಕು. ೨೦೨೩ರಲ್ಲಿ ಔರಂಗಾಬಾದಿನ ಹೆಸರು ಬದಲಾದ ಮೇಲೆ ಈ ಕಷ್ಟ ಇನ್ನಷ್ಟು ಹೆಚ್ಚಿದೆ. ನಮ್ಮ ವಿದ್ವಾಂಸರ ಹೆಸರುಗಳೋ, ಊರು ಮೊದಲೋ ತಂದೆಯ ಹೆಸರು ಮೊದಲೋ ಎಂಬ ನಿಯಮವಿಲ್ಲದೆ ರೋಮನ್ ಲಿಪಿಯಲ್ಲಿ ನಾಲ್ಕಾರು ವೇಷಗಳನ್ನು ತೊಡುತ್ತವೆ. ಒಬ್ಬನ ಕೆಲಸ ಮೂವರ ಖಾತೆಗೆ ಹಂಚಿಹೋಗುತ್ತದೆ.

ಅಳತೆಯೇ ಗುರಿಯಾದಾಗ ಏನಾಗುವುದೆಂಬುದನ್ನು ಹೇಳಿದವನು ಬ್ಯಾಂಕ್ ಆಫ್ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್. ೧೯೭೫ರಲ್ಲಿ ಅವನು ಹಣದ ಚಲಾವಣೆಯ ಅಂಕಿಗಳ ಬಗೆಗೆ ಆಡಿದ ಮಾತು ಈಗ ಎಲ್ಲ ಅಂಕಿಗಳಿಗೂ ಸಲ್ಲುತ್ತಿದೆ: ಯಾವ ಅಂಕಿಯನ್ನು ಹಿಡಿದು ಅಧಿಕಾರ ನಡೆಸುತ್ತೇವೆಯೋ ಆ ಅಂಕಿಯ ನಂಬುಗೆ ಕೆಡುತ್ತದೆ. ಪೇಟೆಯಲ್ಲಿ ಸರಕಿಲ್ಲದ ಹುಂಡಿಗಳೆಂಬುವಿವೆ. ಇಬ್ಬರು ವ್ಯಾಪಾರಿಗಳು ಯಾವ ಮಾಲನ್ನೂ ಕೊಳ್ಳದೆ ಮಾರದೆ ಒಬ್ಬರ ಮೇಲೊಬ್ಬರು ಹುಂಡಿ ಬರೆದುಕೊಂಡು ಬ್ಯಾಂಕಿನಿಂದ ಹಣ ಎತ್ತುತ್ತಾರೆ. ಕಾಗದದ ಮೇಲೆ ವ್ಯಾಪಾರ ಭರದಿಂದ ಸಾಗಿರುತ್ತದೆ, ಗೋದಾಮು ಖಾಲಿ. ಪರಸ್ಪರ ಉಲ್ಲೇಖಿಸಿಕೊಳ್ಳುವ ಕೂಟಗಳು ಮಾಡುವುದೂ ಇದನ್ನೇ. ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೧೦ರ ನಿಯಮಗಳಿಂದ ಅಧ್ಯಾಪಕರಿಗೆ ಪ್ರಕಟಣೆಯ ಅಂಕಗಳನ್ನು ಗೊತ್ತುಮಾಡಿದ ಮೇಲೆ, ಶುಲ್ಕ ಪಡೆದು ಏನನ್ನಾದರೂ ಅಚ್ಚುಮಾಡುವ ಪತ್ರಿಕೆಗಳು ಅಣಬೆಗಳಂತೆ ಎದ್ದುವು. ಅವನ್ನು ತಡೆಯಲು ೨೦೧೯ರಲ್ಲಿ ಕೇರ್ ಎಂಬ ಪಟ್ಟಿ ಬಂತು; ಕೆಲವು ದೇಶಭಾಷೆಯ ಪತ್ರಿಕೆಗಳಿಗೂ ಅದರಲ್ಲಿ ಎಡೆ ದೊರೆತಿತ್ತು. ೨೦೨೫ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟು, ಪತ್ರಿಕೆಗಳ ಯೋಗ್ಯತೆಯನ್ನು ವಿದ್ಯಾಸಂಸ್ಥೆಗಳೇ ನೋಡಿಕೊಳ್ಳಲೆಂದರು. ಹೊರದೇಶಗಳಲ್ಲಿಯೂ ಎಚ್ಚರ ಮೂಡದೆ ಇಲ್ಲ: ೨೦೧೩ರಲ್ಲಿ ಹೊರಟ ಸಾನ್‌ಫ್ರಾನ್ಸಿಸ್ಕೋ ಘೋಷಣೆಯು ಪತ್ರಿಕೆಯ ಪ್ರಭಾವಾಂಕದಿಂದ ವ್ಯಕ್ತಿಯನ್ನು ಅಳೆಯಕೂಡದೆಂದಿತು, ೨೦೧೫ರ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳಲ್ಲಿ ಒಂದು, ಆಯಾ ಸೀಮೆಗೆ ಸಂಬಂಧಿಸಿದ ಸಂಶೋಧನೆಯ ಉತ್ಕೃಷ್ಟತೆಯನ್ನು ಕಾಪಾಡಬೇಕೆಂದು ಹೇಳುತ್ತದೆ.

ಇಷ್ಟು ದೂರ ಸೂಚಿಗಳ ಕುಂದುಗಳನ್ನು ಹೇಳಿದ್ದಾಯಿತು. ಕನ್ನಡಿಗರಾದ ನಾವು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾದೀತು. ನಮ್ಮಲ್ಲಿ ಉಲ್ಲೇಖವನ್ನು ತಪ್ಪೆಣಿಸುವವರಿಗಿಂತ ಉಲ್ಲೇಖವನ್ನೇ ಮಾಡದವರು ಹೆಚ್ಚು. ‘ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ’, ‘ಈಗಾಗಲೇ ತಿಳಿದಿರುವಂತೆ’ ಎಂಬ ಎರಡು ಪಲ್ಲವಿಗಳ ಹಿಂದೆ ಎಷ್ಟು ಮಂದಿಯ ದುಡಿಮೆ ಅಡಗಿಹೋಗಿದೆಯೆಂಬುದನ್ನು ಈ ಬಗೆಯ ಪತ್ರಿಕೆಗಳನ್ನು ಓದುವವರು ಬಲ್ಲರು. ಜಗನ್ನಾಥಸಭೆಯೆಂದು ಕರೆಯುವ ಜೈನ ಗುಹೆಯ ಕಂಬಗಳ ಮೇಲೆ ಹಳಗನ್ನಡದ ಕಿರುಬರಹಗಳಿವೆ, ಬಹಳವಾಗಿ ಸವೆದಿವೆ. ಫರ್ಗ್ಯುಸನ್ನನೂ ಬರ್ಜೆಸನೂ ೧೮೮೦ರಲ್ಲಿಯೇ ಅವನ್ನು ಗಮನಿಸಿದ್ದರು. ವೇರೂಳಿನಲ್ಲಿ ಕನ್ನಡವಿತ್ತೆಂದು ಸಭೆಗಳಲ್ಲಿ ಅಭಿಮಾನದಿಂದ ನುಡಿಯುವಾಗ ನಾವು ಆ ಬರಹಗಳನ್ನು ನೆನೆಯುತ್ತೇವೆ, ಅವನ್ನು ಮೊದಲು ಕಂಡು ದಾಖಲೆ ಮಾಡಿದವರನ್ನು ನೆನೆಯುವುದಿಲ್ಲ. ಅಡಿಟಿಪ್ಪಣಿಯಿಲ್ಲದ ಭಾಷೆಯನ್ನು ಸೂಚಿಯು ಕಾಣಲಿಲ್ಲವೆಂದು ದೂರುವುದು ಹೇಗೆ?

ಬರೋಡೆಯ ತಾಮ್ರಪಟದ ಕವಿಯೂ ಈ ಗುಂಪಿನವನೇ. ಶಿಲ್ಪಿಯ ವಿಸ್ಮಯವನ್ನು ಅಷ್ಟು ಸೊಗಸಾಗಿ ಬಣ್ಣಿಸಿದವನು ಶಿಲ್ಪಿಯ ಹೆಸರನ್ನು ಹೇಳಲಿಲ್ಲ. ಕೈಲಾಸಕ್ಕೆ ಮಾದರಿಯೆಂದು ಹಲವರು ಎಣಿಸುವ ಪಟ್ಟದಕಲ್ಲಿನ ವಿರೂಪಾಕ್ಷಾಲಯದಲ್ಲಿಯಾದರೋ ಹಾಗಾಗಿಲ್ಲ. ಲೋಕಮಹಾದೇವಿಯ ಆ ದೇಗುಲವನ್ನು ಮಾಡಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಅವನಿಗೆ ಸಂದ ತ್ರಿಭುವನಾಚಾರಿಯೆಂಬ ಬಿರುದನ್ನೂ ಅಲ್ಲಿನ ಕನ್ನಡ ಶಾಸನ ಹೇಳುತ್ತದೆ. ಸರ್ವಸಿದ್ಧಿ ಆಚಾರಿಯನ್ನು ಹೊಗಳುವ ಬೇರೊಂದು ಶಾಸನವೂ ಇದೆ. ಒಂದೆಡೆ ಕೆಲಸದ ಹೊಗಳಿಕೆ ಮಾತ್ರ, ಇನ್ನೊಂದೆಡೆ ಕೆಲಸಗಾರನ ಹೆಸರೂ.

ಇದರಿಂದ ನಮ್ಮ ಸಂಘಕ್ಕೆ ಒಂದು ಸೂಚನೆಯನ್ನು ಮಾಡಬಯಸುತ್ತೇವೆ. ಈ ತ್ರೈಮಾಸಿಕದ ಹಿಂದಿನ ಸಂಪುಟಗಳಿಗೆ ಒಂದು ಉಲ್ಲೇಖಸೂಚಿಯನ್ನು ಸಿದ್ಧಪಡಿಸಬಹುದು. ಯಾರು ಯಾರನ್ನು ಉಲ್ಲೇಖಿಸಿದರೆಂಬುದಕ್ಕೆ ಒಂದೊಂದು ಚೀಟಿ. ಚೀಟಿಯ ಮೂಲೆಯಲ್ಲಿ ಶೆಪರ್ಡನ ಕ್ರಮದಂತೆ ಒಪ್ಪಿದ್ದು, ತಿದ್ದಿದ್ದು, ಅಲ್ಲಗಳೆದದ್ದು, ಬರಿಯ ಮರ್ಯಾದೆಗೆ ಹೆಸರಿಸಿದ್ದು ಎಂಬ ನಾಲ್ಕು ಗುರುತುಗಳಲ್ಲಿ ಒಂದು. ಮೊತ್ತವನ್ನು ಕೂಡಿಸುವ ಗೊಡವೆ ಬೇಡ. ಹೆಸರುಗಳನ್ನು ಕನ್ನಡದಲ್ಲಿ ಒಂದೇ ರೂಪದಲ್ಲಿ ಬರೆ‌ದು, ರೋಮನ್ ಲಿಪಿಯ ರೂಪಾಂತರಗಳನ್ನು ಕೆಳಗೆ ಕೊಟ್ಟರೆ ಹೊರಗಿನವರಿಗೂ ನೆರವಾದೀತು. ಮೂರು ನಾಲ್ಕು ಮಂದಿ ಆಸಕ್ತರು ಭಾನುವಾರಗಳಂದು ಕುಳಿತರೆ ರಾಷ್ಟ್ರಕೂಟರ ಕುರಿತ ಲೇಖನಗಳಷ್ಟನ್ನು ಒಂದು ವರ್ಷದಲ್ಲಿ ಮುಗಿಸಬಹುದು. ಜಗನ್ನಾಥಸಭೆಯ ಕಂಬದ ಬರಹಗಳನ್ನು ಯಾರು ಓದಿದರು, ಆ ಓದನ್ನು ಯಾರು ತಿದ್ದಿದರು ಎಂಬುದು ಮೊದಲನೆಯ ಚೀಟಿಯಾಗಲಿ.